ಸಿಯೋಲ್‌ನಲ್ಲಿ ಇಂಗ್ಲಿಷ್ ಟೀಚರು

ಮೂವತ್ತೆರಡು ವರ್ಷ ಹೊಸೂರು ಕಡೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ನಿವೃತ್ತಿಯಾದ ಮೇಲೆ ಇನ್ನು ವ್ಯಾಕರಣದ ಸಹವಾಸ ಸಾಕು, ಜಪಸರ ಹಿಡಿದು ಮನೆಯಲ್ಲಿ ಕೂರೋಣ ಎಂದುಕೊಂಡಿದ್ದೆ. ಆದರೆ ದೇವರ ಚಿತ್ತ ಬೇರೆಯೇ ಇತ್ತು. ಇಂಗ್ಲಿಷ್ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಮತ್ತೊಮ್ಮೆ ಕೂರುವ ಯೋಗ ನನಗೆ ಬಂತು. ಅದೂ ದೂರದ ದಕ್ಷಿಣ ಕೊರಿಯಾದಲ್ಲಿ!

ನನ್ನ ಅಣ್ಣನ ಮಗಳು ಕೆನಡಾದಲ್ಲಿ ಹುಟ್ಟಿ ಬೆಳೆದವಳು. ಪದವಿ ಮುಗಿಸಿದ ಮೇಲೆ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸೇರಿದಳು. ಒಂದು ದಿನ ಫೋನು ಮಾಡಿ, "ಅತ್ತೆ, ನೀವೂ ಟೀಚರು, ನಾನೂ ಟೀಚರು. ಬಂದು ನನ್ನ ಕ್ಲಾಸು ನೋಡಿ" ಎಂದಳು. ಅವಳ ಕನ್ನಡ ಸ್ವಲ್ಪ ತೊದಲು, ಆದರೆ ಪ್ರೀತಿ ತೊದಲಲ್ಲ. 2024ರ ನವೆಂಬರ್ ತಿಂಗಳ ಆರಂಭದಲ್ಲಿ ಬೆಂಗಳೂರಿನಿಂದ ಸಿಂಗಪುರದ ಮೂಲಕ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ಇಳಿದೆ. ಅಲ್ಲಿ ಮೂರು ವಾರ ಇದ್ದೆ.

ಮೊದಲ ದಿನವೇ ಒಂದು ಸಂತೋಷ ಕಾದಿತ್ತು. ನಿಲ್ದಾಣದಲ್ಲಿ ಪುಟ್ಟ ಮಗುವೊಂದು "ಅಪ್ಪಾ!" ಎಂದು ಕೂಗುತ್ತಾ ಓಡಿತು. ನಮ್ಮ ಕಡೆಯವರು ಯಾರೋ ಇರಬೇಕೆಂದು ತಿರುಗಿ ನೋಡಿದೆ. ಅಪ್ಪಟ ಕೊರಿಯಾದ ಮಗು! ಅವರ ಭಾಷೆಯಲ್ಲೂ ತಂದೆಗೆ ಅಪ್ಪಾ, ತಾಯಿಗೆ ಒಮ್ಮಾ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದೂ ನಮ್ಮ ಹಾಗೆಯೇ. ಹಿರಿಯರೊಡನೆ ಮಾತಾಡುವಾಗ ಕ್ರಿಯಾಪದದ ರೂಪ ಬದಲಾಗುತ್ತದೆ. ಮನೆಯೊಳಗೆ ಹೋಗುವಾಗ ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ರಸ್ತೆಯ ಇಕ್ಕೆಲಗಳಲ್ಲಿ ಗಿಂಕೋ ಮರಗಳು ಅರಿಸಿನ ಬಳಿದಂತೆ ಹಳದಿಯಾಗಿ ನಿಂತಿದ್ದವು.

ಹಗ್ವೋನ್ ಎಂದರೇನು?

ಕೊರಿಯಾದಲ್ಲಿ ಖಾಸಗಿ ಪಾಠಶಾಲೆಗೆ ಹಗ್ವೋನ್ ಎನ್ನುತ್ತಾರೆ. ನಮ್ಮ ಟ್ಯೂಷನ್ ಸೆಂಟರಿನ ದೊಡ್ಡಣ್ಣ ಎನ್ನಿ. ಸೊಸೆ ಕೆಲಸ ಮಾಡುತ್ತಿದ್ದುದು ಮೊಕ್ದೊಂಗ್ ಎಂಬ ಬಡಾವಣೆಯಲ್ಲಿ. ದೇಚಿದೊಂಗ್, ಜುಂಗ್ಯೆದೊಂಗ್‌ಗಳಂತೆ ಇದೂ ಹಗ್ವೋನ್‌ಗಳಿಗೆ ಹೆಸರಾದ ಜಾಗ. ಒಂದೇ ಕಟ್ಟಡದ ಒಂದು ಮಹಡಿಯಲ್ಲಿ ಗಣಿತ, ಮೇಲಿನ ಮಹಡಿಯಲ್ಲಿ ಇಂಗ್ಲಿಷ್, ಅದರ ಮೇಲೆ ಪಿಯಾನೋ, ಕೊನೆಗೆ ಟೇಕ್ವಾಂಡೊ. ಮಕ್ಕಳು ಶಾಲೆ ಬಿಟ್ಟೊಡನೆ ಹಳದಿ ಮಿನಿ ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಒಂದು ಮುಗಿಸಿ ಇನ್ನೊಂದಕ್ಕೆ ಓಡುತ್ತಾರೆ. ನಡುವೆ ಮೂಲೆಯಂಗಡಿಯಲ್ಲಿ ನಿಂತುಕೊಂಡೇ ತ್ರಿಕೋನದ ಅನ್ನದುಂಡೆಯನ್ನೋ ಬಿಸಿನೀರು ಹಾಕಿದ ನೂಡಲ್ಸನ್ನೋ ತಿನ್ನುತ್ತಾರೆ. ಅದೇ ಎಷ್ಟೋ ಮಕ್ಕಳ ರಾತ್ರಿಯೂಟ.

ಸಿಯೋಲ್‌ನಲ್ಲಿ ರಾತ್ರಿ 10 ಗಂಟೆಯ ನಂತರ ಹಗ್ವೋನ್ ನಡೆಸಬಾರದೆಂಬ ನಿಯಮವಿದೆ. ಅಂಥ ನಿಯಮ ಮಾಡಬೇಕಾಗಿ ಬಂತು ಎಂದರೆ ಪರಿಸ್ಥಿತಿ ಹೇಗಿದ್ದಿರಬೇಕು, ನೀವೇ ಯೋಚಿಸಿ. 1980ರಲ್ಲಿ ಅಲ್ಲಿನ ಸೇನಾ ಆಡಳಿತವು ಖಾಸಗಿ ಪಾಠವನ್ನೇ ನಿಷೇಧಿಸಿತ್ತು. ಆದರೂ ಅದು ಕದ್ದುಮುಚ್ಚಿ ನಡೆಯಿತು. ನಂತರ ನಿಷೇಧ ಸಡಿಲವಾಗುತ್ತ ಬಂದು, 2000ದಲ್ಲಿ ಸಂವಿಧಾನ ನ್ಯಾಯಾಲಯವೇ ಅದನ್ನು ತಳ್ಳಿಹಾಕಿತು. 2024ರಲ್ಲಿ ಆ ದೇಶದ ತಂದೆತಾಯಂದಿರು ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಮಾಡಿದ ಖರ್ಚು ಸುಮಾರು 29 ಲಕ್ಷ ಕೋಟಿ ವೋನ್ ಎಂದು ಸರಕಾರಿ ಲೆಕ್ಕ ಹೇಳುತ್ತದೆ. ಆ ವರ್ಷ ನೂರಕ್ಕೆ 80 ಮಕ್ಕಳು ಒಂದಲ್ಲ ಒಂದು ಖಾಸಗಿ ಪಾಠಕ್ಕೆ ಹೋಗುತ್ತಿದ್ದರು.

ಸೊಸೆಯ ಕೆಲಸ ಮಧ್ಯಾಹ್ನ 2ಕ್ಕೆ ಆರಂಭವಾಗಿ ರಾತ್ರಿ 9ರವರೆಗೆ. ತಿಂಗಳಿಗೆ 23 ಲಕ್ಷ ವೋನ್ ಸಂಬಳ. ನಮ್ಮ ಲೆಕ್ಕದಲ್ಲಿ ಅದು ಆಗ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿಯ ಹತ್ತಿರ. ಇರಲು ಒಂದು ಕೋಣೆಯ ಮನೆಯನ್ನೂ ಹಗ್ವೋನಿನವರೇ ಕೊಟ್ಟಿದ್ದರು. ಒಪ್ಪಂದ ಒಂದೊಂದು ವರ್ಷಕ್ಕೆ. ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ ಕೊಡಬೇಕೆಂಬ ಕಾನೂನಿದೆ. ಕೆಲವು ಕಡೆ ಈ ಹಣ ಉಳಿಸಲೆಂದೇ ಹನ್ನೊಂದನೆಯ ತಿಂಗಳಲ್ಲಿ ನೆಪ ಹೇಳಿ ಮನೆಗೆ ಕಳಿಸುವುದೂ ಉಂಟು. ಅವಳ ಗೆಳತಿಯೊಬ್ಬಳಿಗೆ ಹಾಗೇ ಆಗಿತ್ತು. ಆಕೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟು ಓಡಾಡುತ್ತಿದ್ದಳು.

ಏಳು ದೇಶಗಳ ಪಾಸ್‌ಪೋರ್ಟು

"ನಾನೂ ಇಲ್ಲಿ ಪಾಠ ಮಾಡಬಹುದೇನೇ?" ಎಂದು ತಮಾಷೆಗೆ ಕೇಳಿದೆ. ಅವಳು ಸ್ವಲ್ಪ ಮುಜುಗರದಿಂದ, "ಇಲ್ಲ ಅತ್ತೆ, ನಿಮಗೆ ವೀಸಾ ಕೊಡಲ್ಲ" ಎಂದಳು.

ವಿಷಯ ಹೀಗಿದೆ. ಹಗ್ವೋನಿನಲ್ಲಿ ಇಂಗ್ಲಿಷ್ ಕಲಿಸಲು ಇ-2 ಎಂಬ ವೀಸಾ ಬೇಕು. ಅದನ್ನು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪ್ರಜೆಗಳಿಗೆ ಕೊಡುತ್ತಾರೆ. ಯಾವ ವಿಷಯದಲ್ಲಾದರೂ ಸರಿ, ಒಂದು ಪದವಿ ಇರಬೇಕು, ಪೊಲೀಸ್ ದಾಖಲೆ ಶುದ್ಧವಾಗಿರಬೇಕು, ವೈದ್ಯಕೀಯ ಪರೀಕ್ಷೆಯಾಗಬೇಕು. ಭಾರತ ಮತ್ತು ಕೊರಿಯಾ ನಡುವೆ 2010ರ ಜನವರಿಯಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ನಮ್ಮವರಿಗೊಂದು ಸಣ್ಣ ಬಾಗಿಲು ತೆರೆದಿದೆ. ಇಂಗ್ಲಿಷ್ ಪದವಿ ಮತ್ತು ಶಿಕ್ಷಕರ ತರಬೇತಿ ಎರಡೂ ಇದ್ದವರು ಅಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಆದರೆ ಹಗ್ವೋನಿಗೆ ಅದು ನಡೆಯದು.

ನಮ್ಮ ಧರ್ಮಕೇಂದ್ರಗಳ ಯುವಜನರಿಗೆ ಇದನ್ನು ಒತ್ತಿ ಹೇಳುತ್ತೇನೆ. "ಕೊರಿಯಾದಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಕೊಡಿಸುತ್ತೇವೆ, ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ" ಎಂದು ಏಜೆಂಟರು ಹೇಳಿದರೆ ನಂಬಬೇಡಿ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ. ಸಿಕ್ಕಿಬಿದ್ದರೆ ದಂಡ ಕಟ್ಟಿ ದೇಶ ಬಿಡಬೇಕಾಗುತ್ತದೆ. ಸಾಲ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಸ್ವಲ್ಪ ಬೇಸರವಾಯಿತು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಟೀಚರು, ಬಿ.ಎಡ್. ಮಾಡಿ ಮೂವತ್ತೆರಡು ವರ್ಷ ಸೀಮೆಸುಣ್ಣ ಹಿಡಿದ ನಾನು ಲೆಕ್ಕಕ್ಕಿಲ್ಲ! ಆದರೆ ಎರಡು ದಿನಗಳ ನಂತರ ಅವಳ ತರಗತಿ ನೋಡಿದ ಮೇಲೆ ನನ್ನ ಹಮ್ಮು ಇಳಿಯಿತು.

ಹಿಂದಿನ ಬೆಂಚಿನಲ್ಲಿ

ಹಗ್ವೋನಿನ ನಿರ್ದೇಶಕಿ ಒಂದು ಗಂಟೆ ಕೂತು ನೋಡಲು ಒಪ್ಪಿದ್ದರು. ಸಂಜೆ 5 ಗಂಟೆ. ಒಂಬತ್ತು ಹತ್ತು ವರ್ಷದ ಎಂಟು ಮಕ್ಕಳು. ಎಲ್ಲರೂ ಎದ್ದು ನನಗೆ ತಲೆಬಾಗಿ ನಮಸ್ಕರಿಸಿದರು. ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಇಂಗ್ಲಿಷ್ ಹೆಸರು. ಒಬ್ಬಳು ಮಾತ್ರ ಎದೆಯ ಮೇಲೆ ಶಿಲುಬೆ ಗುರುತು ಮಾಡಿ ತೋರಿಸಿ, ತನ್ನದು ಜ್ಞಾನಸ್ನಾನದ ಹೆಸರೇ ಎಂದಳು. ನನಗೆ ನಮ್ಮೂರಿನ ಮಗುವನ್ನು ಕಂಡಷ್ಟು ಆನಂದವಾಯಿತು.

ಗೋಡೆಯ ಮೇಲೆ "ಇಲ್ಲಿ ಇಂಗ್ಲಿಷ್ ಮಾತ್ರ" ಎಂಬ ಫಲಕ. ಅದರ ಕೆಳಗೆ ಮಕ್ಕಳ ಹೆಸರುಗಳು, ಎದುರಿಗೆ ಅಂಟಿಸಿದ ನಕ್ಷತ್ರಗಳು. ಕೊರಿಯಾ ಭಾಷೆ ಮಾತಾಡಿದವರ ಒಂದು ನಕ್ಷತ್ರ ಕಿತ್ತುಹಾಕಬೇಕು. ಅದು ಅಲ್ಲಿನ ನಿಯಮ.

ಅಂದು "ನನಗೆ ಇಷ್ಟವಾದ ಹೊತ್ತು" ಎಂಬ ವಿಷಯದ ಮೇಲೆ ಮೂರು ವಾಕ್ಯ ಬರೆಯಬೇಕಿತ್ತು. ಒಬ್ಬ ಹುಡುಗ ಬರೆದದ್ದು ಇಷ್ಟು: ನನಗೆ ಬಸ್ಸು ಇಷ್ಟ. ಬಸ್ಸು ಹತ್ತು ನಿಮಿಷ. ಬಸ್ಸಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಬಳಿಯಿದ್ದ ಪುಟ್ಟ ಹುಡುಗಿ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಕೊರಿಯಾ ಮಾತು. ಸಹಾಯಕ ಶಿಕ್ಷಕಿ ಫಲಕದ ಕಡೆ ಕೈ ತೋರಿಸಿದರು. ಮಗು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿತು. ಸೊಸೆ ಫಲಕದ ಹತ್ತಿರ ಹೋಗಲಿಲ್ಲ. ಮಗುವಿನ ಪಕ್ಕ ಮಂಡಿಯೂರಿ ಕೂತು ಮೆಲ್ಲಗೆ ಕೊರಿಯಾ ಭಾಷೆಯಲ್ಲೇ ಏನೋ ಕೇಳಿದಳು, ಕೈ ಹಿಡಿದು ಆಫೀಸಿಗೆ ಕರೆದೊಯ್ದಳು. ಮಗುವಿಗೆ ಹೊಟ್ಟೆ ನೋವು. ತಾಯಿಗೆ ಫೋನು ಹೋಯಿತು. ನಕ್ಷತ್ರ ಇದ್ದಲ್ಲೇ ಇತ್ತು.

ರಾತ್ರಿ ಮನೆಗೆ ನಡೆದು ಬರುವಾಗ, "ನಿಯಮ ಮುರಿದೆಯಲ್ಲ, ಬೈಗುಳ ಬರುವುದಿಲ್ಲವಾ?" ಎಂದೆ. "ಬರಬಹುದು. ಆದರೆ ಹೊಟ್ಟೆ ನೋವಾದಾಗ ಯಾವ ಮಗು ಇಂಗ್ಲಿಷ್ ಹುಡುಕುತ್ತೆ ಅತ್ತೆ?" ಎಂದಳು.

ನಾನು ಮಾತಾಡಲಿಲ್ಲ. ನನಗೆ ಬೇರೊಂದು ಮಗುವಿನ ನೆನಪಾಗಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಶಾಲೆಯಲ್ಲೂ ಇಂಗ್ಲಿಷ್ ತರಗತಿಯಲ್ಲಿ ಕನ್ನಡವೋ ತಮಿಳೋ ತೆಲುಗೋ ಮಾತಾಡಿದರೆ ನಾಲ್ಕಾಣೆ ದಂಡ. ಆ ನಿಯಮ ತಂದವಳು ನಾನೇ. ಒಂದು ಬೆಳಿಗ್ಗೆ ಆರನೆಯ ತರಗತಿಯ ಹುಡುಗನೊಬ್ಬ ತಡವಾಗಿ ಬಂದ. ಯಾಕೆ ತಡ, ಇಂಗ್ಲಿಷಿನಲ್ಲಿ ಹೇಳು ಎಂದೆ. ಸುಮ್ಮನೆ ನಿಂತ. ಮತ್ತೆ ಕೇಳಿದೆ. "ಟೀಚರ್, ಅಜ್ಜಿ..." ಎಂದ ಕನ್ನಡದಲ್ಲಿ. ನಾಲ್ಕಾಣೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಅವನನ್ನು ಹೊರಗೆ ನಿಲ್ಲಿಸಿದೆ. ಸಂಜೆ ದೇವಾಲಯದ ಸಾವಿನ ಗಂಟೆ ಕೇಳಿ, ಯಾರೆಂದು ವಿಚಾರಿಸಿದೆ. ಅವನನ್ನು ಸಾಕಿದ ಅಜ್ಜಿ ಅಂದು ಮುಂಜಾನೆ ತೀರಿಕೊಂಡಿದ್ದರು. ಮನೆಯವರು ಗಡಿಬಿಡಿಯಲ್ಲಿದ್ದಾಗ, ಟೀಚರಿಗೆ ಹೇಳಿ ರಜೆ ಕೇಳಬೇಕೆಂದು ಆ ಮಗು ಒಂಟಿಯಾಗಿ ಶಾಲೆಗೆ ಬಂದಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಹುಡುಗನಿಗೂ ಕ್ಷಮಿಸು ಎಂದಿರಲಿಲ್ಲ.

ವಿಮಾನಗಳು ನಿಂತ ದಿನ

ನವೆಂಬರ್ 14, ಗುರುವಾರ. ಅಂದು ಕೊರಿಯಾದಲ್ಲಿ ಸುನುಂಗ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆ. 5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ನೋಂದಾಯಿಸಿದ್ದರು. ಅವರಿಗೆ ರಸ್ತೆ ಬಿಡಲೆಂದು ಕಚೇರಿಗಳು, ಷೇರುಪೇಟೆ ಒಂದು ಗಂಟೆ ತಡವಾಗಿ ತೆರೆಯುತ್ತವೆ. ತಡವಾದ ಮಕ್ಕಳನ್ನು ಪೊಲೀಸರು ತಮ್ಮ ವಾಹನದಲ್ಲೇ ಕರೆದೊಯ್ಯುತ್ತಾರೆ. ಮಧ್ಯಾಹ್ನ ಒಂದು ಗಂಟೆಯ ನಂತರ ಇಂಗ್ಲಿಷ್ ಆಲಿಸುವ ಪರೀಕ್ಷೆ. ಆ ಹೊತ್ತು, 1.05ರಿಂದ 1.40ರವರೆಗೆ, ದೇಶದಲ್ಲೆಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಇಂಗ್ಲಿಷ್ ಕೇಳಿಸಬೇಕೆಂದು ಒಂದು ದೇಶ ಆಕಾಶವನ್ನೇ ಸುಮ್ಮನಾಗಿಸುತ್ತದೆ!

ಹಿಂದಿನ ದಿನಗಳಲ್ಲಿ ಮಕ್ಕಳಿಗೆ ಯೊತ್ ಎಂಬ ಅಂಟು ಮಿಠಾಯಿ ಕೊಡುತ್ತಾರೆ. ಓದಿದ್ದು ಅಂಟಿಕೊಳ್ಳಲಿ ಎಂದು. ಕಡಲ ಪಾಚಿಯ ಸಾರು ಮಾತ್ರ ಬೇಡ, ಜಾರಿಬಿಟ್ಟೀತು! ದೇವಾಲಯಗಳಲ್ಲೂ ಬೌದ್ಧ ಮಂದಿರಗಳಲ್ಲೂ ತಾಯಂದಿರು ನೂರು ದಿನ ಪ್ರಾರ್ಥಿಸುತ್ತಾರೆ. ಅಂದು ನಾವಿಬ್ಬರೂ ಮ್ಯೊಂಗ್‌ದೊಂಗ್ ಪ್ರಧಾನ ದೇವಾಲಯಕ್ಕೆ ಹೋದೆವು. ತಲೆಗೆ ಬಿಳಿ ಮುಸುಕು ಹಾಕಿದ ತಾಯಂದಿರು ಸಾಲಾಗಿ ಕೂತು ಜಪಸರ ಹೇಳುತ್ತಿದ್ದರು. ಒಬ್ಬ ತಾಯಿ ಮಗನ ಭಾವಚಿತ್ರವನ್ನು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡಿದ್ದರು. ಹತ್ತನೆಯ ತರಗತಿ ಪರೀಕ್ಷೆಯ ದಿನ ನಮ್ಮ ದೇವಾಲಯದಲ್ಲಿ ಕೂರುವ ತಾಯಂದಿರು ಕಣ್ಣಿಗೆ ಬಂದರು. ಅವರ ಜೊತೆ ಮಂಡಿಯೂರಿ, ಬಸ್ಸು ಇಷ್ಟ ಎಂದು ಬರೆದ ಹುಡುಗನಿಗಾಗಿಯೂ ಒಂದು 'ನಮೋ ಮರಿಯಾ' ಹೇಳಿದೆ.

ಓದಿನಿಂದ ಹುಟ್ಟಿದ ಧರ್ಮಸಭೆ

ಕೊರಿಯಾದ ಧರ್ಮಸಭೆಯ ಕಥೆ ಅಪೂರ್ವವಾದುದು. ಮೊದಲು ಅಲ್ಲಿಗೆ ಧರ್ಮ ಪ್ರಚಾರಕ್ಕೆ ಯಾವ ಗುರುವೂ ಹೋಗಲಿಲ್ಲ. ಚೀನಾಕ್ಕೆ ಹೋಗಿಬರುತ್ತಿದ್ದ ರಾಯಭಾರಿಗಳ ಜೊತೆ ಕ್ರೈಸ್ತ ಪುಸ್ತಕಗಳು ಬಂದವು. 1770ರ ದಶಕದ ಕೊನೆಗೆ ಕೆಲವು ಯುವ ವಿದ್ವಾಂಸರು ಅವನ್ನು ಓದಿ ಚರ್ಚಿಸತೊಡಗಿದರು. ಅವರ ಪೈಕಿ ಯಿ ಸುಂಗ್-ಹುನ್ ಎಂಬವರು 1784ರಲ್ಲಿ ಬೀಜಿಂಗಿನಲ್ಲಿ ಜ್ಞಾನಸ್ನಾನ ಪಡೆದು ಮರಳಿ ಗೆಳೆಯರಿಗೂ ನೀಡಿದರು. ಅವರು ಸೇರುತ್ತಿದ್ದ ಮನೆಯಿದ್ದ ಪರಿಸರದಲ್ಲೇ ಇಂದಿನ ಮ್ಯೊಂಗ್‌ದೊಂಗ್ ದೇವಾಲಯ 1898ರಲ್ಲಿ ಕಟ್ಟಿ ಮುಗಿಯಿತು. ಮೊದಲ ಗುರು, ಚೀನಾದವರು, ದೇಶದೊಳಗೆ ಕಾಲಿಟ್ಟಾಗ ಸುಮಾರು ನಾಲ್ಕು ಸಾವಿರ ವಿಶ್ವಾಸಿಗಳು ಅಲ್ಲಿ ಕಾಯುತ್ತಿದ್ದರು!

ಆ ಪುಸ್ತಕಗಳೆಲ್ಲ ಚೀನೀ ಲಿಪಿಯಲ್ಲಿದ್ದವು. ಅದು ಪಂಡಿತರಿಗಷ್ಟೇ ಗೊತ್ತು. ಅಂದಿನ ಪಂಡಿತರಿಗೆ ಚೀನೀ ಎಂದರೆ ಇಂದಿನ ನಮಗೆ ಇಂಗ್ಲಿಷ್ ಇದ್ದ ಹಾಗೆ. ಆಗ ಜೊಂಗ್ ಯಾಕ್-ಜೊಂಗ್ ಎಂಬ ವಿದ್ವಾಂಸರು, ರಾಜ ಸೆಜೊಂಗ್ 1446ರಲ್ಲಿ ಜನಸಾಮಾನ್ಯರಿಗಾಗಿ ಕೊಟ್ಟ ಹಂಗುಲ್ ಲಿಪಿಯಲ್ಲಿ ಒಂದು ಧರ್ಮೋಪದೇಶ ಬರೆದರು. ಹೆಂಗಸರು, ಆಳುಕಾಳುಗಳು ಕೂಡ ಓದಿ ತಿಳಿಯುವಂತಾಯಿತು. 1801ರ ಹಿಂಸೆಯಲ್ಲಿ ಅವರು ಪ್ರಾಣ ಕೊಟ್ಟರು. ಅವರ ಮಗ ಪೌಲ್ ಜೊಂಗ್ ಹಾ-ಸಂಗ್, ಗುರುಗಳನ್ನು ಕಳಿಸಿಕೊಡಿ ಎಂದು ಕೇಳಲು ಹಲವು ಬಾರಿ ಬೀಜಿಂಗಿಗೆ ಹೋದವರು. 1839ರಲ್ಲಿ ಅವರೂ ರಕ್ತಸಾಕ್ಷಿಯಾದರು. ಕೊನೆಗೆ ಬಂದ ಫ್ರೆಂಚ್ ಗುರುಗಳು ಯಾರು ಗೊತ್ತೇ? ಪ್ಯಾರಿಸ್ ಮಿಷನ್ ಸಭೆಯವರು. ನಮ್ಮ ಹಿರಿಯರ ಕಾಲದಲ್ಲಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಉಪದೇಶ ಮಾಡಿದವರೂ ಅದೇ ಸಭೆಯ ಗುರುಗಳೇ.

ಹಾನ್ ನದಿಯ ದಡದ ಜೊಲ್ದುಸಾನ್ ಗುಡ್ಡಕ್ಕೂ ಹೋಗಿದ್ದೆವು. ಹೆಸರಿನ ಅರ್ಥವೇ ತಲೆ ಕಡಿದ ಗುಡ್ಡ. 1866ರ ಹಿಂಸೆಯಲ್ಲಿ ಅಲ್ಲಿ ಅನೇಕ ವಿಶ್ವಾಸಿಗಳನ್ನು ಕೊಂದರು. ಈಗ ಅಲ್ಲಿ ದೇವಾಲಯವೂ ವಸ್ತುಸಂಗ್ರಹಾಲಯವೂ ಇವೆ. ಪೋಪ್ ಎರಡನೇ ಜಾನ್ ಪೌಲರು 1984ರಲ್ಲಿ ಸಿಯೋಲ್‌ಗೆ ಬಂದು 103 ಮಂದಿಗೆ ಸಂತ ಪದವಿ ಕೊಟ್ಟರು. ಪೋಪ್ ಫ್ರಾನ್ಸಿಸರು 2014ರಲ್ಲಿ 124 ಮಂದಿಯನ್ನು ಪುನೀತರೆಂದು ಘೋಷಿಸಿದರು. ಧರ್ಮೋಪದೇಶ ಬರೆದ ಆ ತಂದೆ ಈ 124 ಮಂದಿಯಲ್ಲಿ ಒಬ್ಬರು. ಮಗ ಆ 103ರಲ್ಲಿ.

ಗುಡ್ಡದ ಮೇಲೆ ನಿಂತು ಯೋಚಿಸಿದೆ. ಪರಭಾಷೆ ಕಲಿತದ್ದರಿಂದಲೇ ಆ ವಿದ್ವಾಂಸರಿಗೆ ಕ್ರಿಸ್ತರ ಪರಿಚಯವಾಯಿತು. ಕಲಿಯುವುದು ತಪ್ಪಲ್ಲ. ಆದರೆ ಕಲಿತದ್ದನ್ನು ಅವರು ತಾಯ್ನುಡಿಗೆ ತಂದು ಮನೆಯವರಿಗೆ ಹಂಚಿದರು. ನಾನೋ, ಒಂದು ಭಾಷೆ ಕಲಿಸಲು ಹೋಗಿ ಮಗುವಿನ ಬಾಯಿಯ ಇನ್ನೊಂದು ಭಾಷೆಗೆ ನಾಲ್ಕಾಣೆ ಬೆಲೆ ಕಟ್ಟಿದ್ದೆ.

ಮರಳಿ ಊರಿಗೆ

ಊರಿಗೆ ಬಂದ ಮೊದಲ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಆ ಹುಡುಗನಿಗಾಗಿ ಕಾದು ನಿಂತೆ. ಹುಡುಗನೇನು, ಈಗ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ, ತಲೆಗೂದಲು ನರೆತ ಸಂಸಾರಸ್ಥ. "ಆವತ್ತು ನಿನ್ನನ್ನು ಹೊರಗೆ ನಿಲ್ಲಿಸಬಾರದಿತ್ತಪ್ಪ. ನನ್ನದು ತಪ್ಪಾಯಿತು" ಎಂದೆ. ಯಾವ ದಿನ ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ನನ್ನ ಹತ್ರ ನಾಲ್ಕಾಣೆ ಇರಲಿಲ್ಲ ಟೀಚರ್. ಅಜ್ಜಿ ಮಣ್ಣು ಮುಗಿಸಿ, ಆಮೇಲೆ ತಂದುಕೊಟ್ಟೆ" ಎಂದ.

ನನಗೆ ಅದು ನೆನಪೇ ಇರಲಿಲ್ಲ. ಅಂದರೆ ನಾನು ಆ ಹಣ ತೆಗೆದುಕೊಂಡಿದ್ದೆ.

ನನ್ನ ಕಣ್ಣು ತುಂಬಿದ್ದು ಕಂಡು ಅವನೇ ಮಾತು ಬದಲಿಸಿದ. "ನನ್ನ ಮಗಳಿಗೆ ಇಂಗ್ಲಿಷ್ ಸ್ವಲ್ಪ ಕಷ್ಟ ಟೀಚರ್, ನೀವು ಹೇಳಿಕೊಡ್ತೀರಾ?" ಎಂದ. ಶನಿವಾರದಿಂದಲೇ ಆ ಹುಡುಗಿ ಬರತೊಡಗಿದಳು, ಜೊತೆಗೆ ಇನ್ನೂ ನಾಲ್ವರು. ಮೊದಲು ಅವರು ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳುತ್ತಾರೆ. ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಎಲ್ಲರೂ ಸೇರಿ ಹುಡುಕುತ್ತೇವೆ. ಕೊನೆಗೆ ಒಂದು ಪರಲೋಕ ಜಪ, ಕನ್ನಡದಲ್ಲಿ. ಈ ಮಕ್ಕಳು ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್ ಓದುವವರು. ಕನ್ನಡದ ಜಪ ಓದಲು ಬಾರದ ಇಬ್ಬರಿಗೆ ಈಗ ಅಕ್ಷರವನ್ನೂ ಹೇಳಿಕೊಡುತ್ತಿದ್ದೇನೆ.

2027ರ ಆಗಸ್ಟ್ 3ರಿಂದ 8ರವರೆಗೆ ವಿಶ್ವ ಯುವ ದಿನವನ್ನು ಸಿಯೋಲ್‌ನಲ್ಲಿ ಗೊತ್ತುಮಾಡಿದ್ದಾರೆ. ನಮ್ಮ ಕಡೆಯ ಯುವಜನರು ಯಾರಾದರೂ ಹೋಗುವುದಾದರೆ ಜೊಲ್ದುಸಾನ್ ಗುಡ್ಡ ಹತ್ತಿ ಬರಲಿ. ಹೋಗಲಾಗದ ನಾವು ಸೆಪ್ಟೆಂಬರ್ 20ರಂದು, ಸಂತ ಅಂದ್ರೇಯ ಕಿಮ್, ಸಂತ ಪೌಲ್ ಜೊಂಗ್ ಮತ್ತು ಸಂಗಡಿಗರ ಸ್ಮರಣೆಯ ದಿನ, ಮಕ್ಕಳಿಗಾಗಿ ಪ್ರಾರ್ಥಿಸೋಣ. ಹತ್ತಿರದಲ್ಲಿ ಯಾವುದಾದರೂ ಮಗು ಏನೋ ಹೇಳಲು ಬಂದು ತಡವರಿಸುತ್ತಿದ್ದರೆ, ಯಾವ ಭಾಷೆ ಎಂದು ನೋಡದೆ ಮೊದಲು ಕೇಳಿಸಿಕೊಳ್ಳೋಣ.